ನಕ್ಷೆ ದಾರಿ ತಪ್ಪಿಸಿದಾಗ: ಚುಕ್ಕೆ, ಬಾಣ, ಪಿನ್, ಗೆರೆಗಳಲ್ಲಿ ದೋಷ ಹುಡುಕುವ ಬಗೆ

ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಯವರು ನೋವಿನಿಂದ ನರಳುತ್ತಿದ್ದರು. ಮೊಬೈಲ್‌ನ ನಕ್ಷೆ ಹೇಳಿದ ಕಡೆಯೆಲ್ಲ ತಿರುಗುತ್ತಾ ಬಂದ ನನ್ನನ್ನು ಅದು ಕೊನೆಗೆ ಒಂದು ಎತ್ತರದ ಕಾಂಪೌಂಡ್ ಗೋಡೆಯ ಮುಂದೆ ನಿಲ್ಲಿಸಿ, ತಲುಪಬೇಕಾದ ಸ್ಥಳ ಬಂದಿತೆಂದು ಹೇಳಿತು. ಗೋಡೆಯ ಆಚೆ ಆಸ್ಪತ್ರೆಯ ಕಿಟಕಿಗಳ ಬೆಳಕು ಕಾಣುತ್ತಿತ್ತು. ಒಳಗೆ ಹೋಗಲು ಬಾಗಿಲು ಮಾತ್ರ ಇರಲಿಲ್ಲ. ಆ ಗಾಬರಿಯಲ್ಲಿ ನಾನು ಲೊಕೇಶನ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ, ಆ್ಯಪ್ ಮುಚ್ಚಿ ತೆರೆದೆ, ಫೋನನ್ನೇ ರೀಸ್ಟಾರ್ಟ್ ಮಾಡಿದೆ. ಏಳೆಂಟು ನಿಮಿಷ ಹಾಗೆಯೇ ಹೋಯಿತು. ಜಿಪಿಎಸ್‌ಗೆ ಏನೂ ಆಗಿರಲಿಲ್ಲ. ನಾನು ಎಲ್ಲಿ ನಿಂತಿದ್ದೇನೆಂದು ಅದು ಕರಾರುವಾಕ್ಕಾಗಿ ತೋರಿಸುತ್ತಲೇ ಇತ್ತು. ತಪ್ಪಿದ್ದದ್ದು ಆಸ್ಪತ್ರೆಯ ಪಿನ್ ಇದ್ದ ಜಾಗದಲ್ಲಿ. ಅದನ್ನು ಸರಿಪಡಿಸಲು ನನ್ನ ಫೋನಿನ ಯಾವ ಸೆಟ್ಟಿಂಗ್‌ನಿಂದಲೂ ಸಾಧ್ಯವಿರಲಿಲ್ಲ.

ಅಂದಿನಿಂದ ನಕ್ಷೆ ಕೈಕೊಟ್ಟಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕೆಟ್ಟಿರುವುದು ಯಾವುದು? ಪರದೆಯ ಮೇಲೆ ಒಂದೇ ಚಿತ್ರವಾಗಿ ಕಾಣುವ ನಕ್ಷೆಯ ಒಳಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕೆಲಸಗಳು ನಡೆಯುತ್ತಿರುತ್ತವೆ. ನೀವು ಎಲ್ಲಿದ್ದೀರಿ ಎಂದು ಹೇಳುವ ನೀಲಿ ಚುಕ್ಕೆ ಉಪಗ್ರಹಗಳಿಂದ ಬರುತ್ತದೆ. ಯಾವ ಕಡೆ ಮುಖ ಮಾಡಿದ್ದೀರಿ ಎಂದು ಹೇಳುವ ಬಾಣ ಫೋನಿನೊಳಗಿನ ದಿಕ್ಸೂಚಿಯಿಂದ ಬರುತ್ತದೆ. ಹೋಗಬೇಕಾದ ಜಾಗವನ್ನು ತೋರಿಸುವ ಪಿನ್ ಯಾರೋ ದಾಖಲಿಸಿದ ವಿಳಾಸದಿಂದ ಬರುತ್ತದೆ. ಚುಕ್ಕೆಯನ್ನೂ ಪಿನ್ನನ್ನೂ ಜೋಡಿಸುವ ಗೆರೆ, ರಸ್ತೆಗಳ ದತ್ತಾಂಶದ ಮೇಲೆ ನಡೆಯುವ ಲೆಕ್ಕಾಚಾರದಿಂದ ಬರುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ದಿಕ್ಸೂಚಿ ಕೆಟ್ಟಾಗ ಇಂಟರ್ನೆಟ್ ಪರೀಕ್ಷಿಸುತ್ತಾ ಕುಳಿತವರನ್ನೂ, ಪಿನ್ ತಪ್ಪಿದಾಗ ಫೋನ್ ರಿಪೇರಿಗೆ ಕೊಟ್ಟವರನ್ನೂ ನಾನು ನೋಡಿದ್ದೇನೆ.

ಅರ್ಧ ನಿಮಿಷದ ಪರೀಕ್ಷೆ

ವಾಹನ ಓಡಿಸುತ್ತಿದ್ದರೆ ಮೊದಲು ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ. ಚಾಲನೆಯಲ್ಲಿರುವಾಗ ಮಾಡಬಹುದಾದ ಕೆಲಸ ಇಲ್ಲಿ ಒಂದೂ ಇಲ್ಲ.

ನಿಂತ ಮೇಲೆ ಪರದೆ ನೋಡಿ. ನಕ್ಷೆ ಕಾಣುತ್ತಿದೆ, ಚುಕ್ಕೆ ಇಲ್ಲ ಎಂದಾದರೆ ಅದು ಲೊಕೇಶನ್‌ನ ತೊಂದರೆ. ಚುಕ್ಕೆ ಇದೆ, ಆದರೆ ಸುತ್ತಲಿನ ನಕ್ಷೆ ಖಾಲಿ ಹಾಳೆಯಂತೆ ಬೂದು ಬಣ್ಣದಲ್ಲಿದೆ ಎಂದಾದರೆ ಅದು ಇಂಟರ್ನೆಟ್‌ನ ತೊಂದರೆ. ಈ ಎರಡನ್ನು ಬೇರ್ಪಡಿಸಿದರೇ ಅರ್ಧ ಕೆಲಸ ಮುಗಿಯುತ್ತದೆ. ಎರಡೂ ಇದ್ದರೆ, ಚುಕ್ಕೆ ನೀವು ನಿಂತ ರಸ್ತೆಯ ಮೇಲೆಯೇ ಇದೆಯೇ ಎಂದು ಅಕ್ಕಪಕ್ಕದ ಕಟ್ಟಡ, ಅಡ್ಡರಸ್ತೆಗಳ ಹೆಸರಿನೊಂದಿಗೆ ಹೋಲಿಸಿ. ಫೋನನ್ನು ಹಿಡಿದು ನಿಂತಲ್ಲೇ ಕಾಲು ಸುತ್ತು ತಿರುಗಿ, ಬಾಣವೂ ತಿರುಗಿತೇ? ನಕ್ಷೆಯನ್ನು ಹಿಗ್ಗಿಸಿ ಪಿನ್ ಯಾವ ಕಟ್ಟಡದ, ಯಾವ ಬದಿಯಲ್ಲಿ ಕೂತಿದೆ ನೋಡಿ. ಕೊನೆಗೆ ನಕ್ಷೆಯನ್ನು ಕುಗ್ಗಿಸಿ ಇಡೀ ಗೆರೆಯನ್ನು ಒಮ್ಮೆ ಕಣ್ಣಲ್ಲೇ ಓಡಿಸಿ. ನಾಲ್ಕರಲ್ಲಿ ಯಾವುದು ತಪ್ಪಿದೆ ಎಂಬುದು ಇಷ್ಟರಲ್ಲಿ ಬಹುತೇಕ ಗೊತ್ತಾಗಿಬಿಡುತ್ತದೆ.

ಚುಕ್ಕೆ ತಪ್ಪಿದ್ದರೆ

ಚುಕ್ಕೆಯ ಬಣ್ಣವನ್ನೂ ಅದರ ಸುತ್ತಲಿನ ತಿಳಿನೀಲಿ ವೃತ್ತವನ್ನೂ ಓದಲು ಕಲಿಯುವುದು ಇಡೀ ದೋಷ ಪತ್ತೆಯ ಬುನಾದಿ. ವೃತ್ತವೆಂದರೆ ಫೋನ್ ನಿಮಗೆ ಪ್ರಾಮಾಣಿಕವಾಗಿ ಹೇಳುತ್ತಿರುವ ಮಾತು: 'ನೀವು ಇದರೊಳಗೆ ಎಲ್ಲೋ ಇದ್ದೀರಿ, ಎಲ್ಲಿ ಎಂದು ಖಚಿತವಾಗಿ ಗೊತ್ತಿಲ್ಲ.' ವೃತ್ತ ಕಾಣದಷ್ಟು ಚಿಕ್ಕದಾಗಿದ್ದರೆ ಚುಕ್ಕೆಯನ್ನು ನಂಬಬಹುದು. ವೃತ್ತ ನಾಲ್ಕಾರು ಬೀದಿಗಳನ್ನು ನುಂಗಿದ್ದರೆ ಚುಕ್ಕೆ ಇರುವ ಜಾಗಕ್ಕೆ ಅರ್ಥವೇ ಇಲ್ಲ. ಚುಕ್ಕೆ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಹಳೆಯ ಸ್ಥಾನ. ಫೋನಿಗೆ ಸದ್ಯಕ್ಕೆ ನೀವು ಎಲ್ಲಿದ್ದೀರೆಂದು ತಿಳಿದಿಲ್ಲ.

ಇದು ಏಕೆ ಹೀಗಾಗುತ್ತದೆ ಎಂದು ತಿಳಿದರೆ ಮುಂದಿನ ಪರೀಕ್ಷೆಗಳು ಸುಲಭ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ವ್ಯವಸ್ಥೆ ಕೆಲಸ ಮಾಡಲು ಕನಿಷ್ಠ 24 ಉಪಗ್ರಹಗಳು ಬೇಕು, ಈಗ ಅದಕ್ಕಿಂತ ಹೆಚ್ಚೇ ಇವೆ. ಪ್ರತಿಯೊಂದೂ ತನ್ನ ಸಮಯವನ್ನು ಬಿತ್ತರಿಸುತ್ತಿರುತ್ತದೆ. ಆ ಸಂಕೇತ ಬಂದು ಸೇರಲು ಎಷ್ಟು ಹೊತ್ತು ಹಿಡಿಯಿತೆಂಬುದರಿಂದ ಫೋನ್ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳ ದೂರ ಗೊತ್ತಾದರೆ ಸ್ಥಾನ ಸಿಗಬೇಕು. ಆದರೆ ನಾಲ್ಕನೆಯದು ಬೇಕೇ ಬೇಕು, ಏಕೆಂದರೆ ಫೋನಿನ ಗಡಿಯಾರ ಉಪಗ್ರಹದ ಪರಮಾಣು ಗಡಿಯಾರದಷ್ಟು ನಿಖರವಲ್ಲ. ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಸಮಯ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಅಷ್ಟು ದೂರದಿಂದ ಬರುವ ಸಂಕೇತ ನೆಲಕ್ಕೆ ಮುಟ್ಟುವ ಹೊತ್ತಿಗೆ ಅತ್ಯಂತ ಕ್ಷೀಣವಾಗಿರುತ್ತದೆ. ಕಾಂಕ್ರೀಟ್ ಚಾವಣಿ, ಲೋಹದ ಹಾಳೆ, ನೆಲಮಾಳಿಗೆಯ ಪಾರ್ಕಿಂಗ್ ಅದನ್ನು ಪೂರ್ತಿ ತಡೆದುಬಿಡುತ್ತವೆ.

ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ, ಒಳ್ಳೆಯ ಫೋನಿನ ನಿಖರತೆ ಸುಮಾರು 5 ಮೀಟರ್. ಹಾಗಾಗಿ ಚುಕ್ಕೆ ರಸ್ತೆಯ ಈ ಬದಿಗೆ ಬದಲಾಗಿ ಆ ಬದಿಯಲ್ಲಿ ಕಂಡರೆ ಅದನ್ನು ದೋಷವೆಂದು ಎಣಿಸಬೇಡಿ.

ಈಗ ಪರೀಕ್ಷೆಗಳು. ನಾನು ಮೊದಲು ನೋಡುವುದು ಅನುಮತಿಯನ್ನು. ಐಫೋನ್‌ಗಳಲ್ಲಿ 2020ರ ಐಓಎಸ್ 14ರಿಂದ, ಆಂಡ್ರಾಯ್ಡ್‌ನಲ್ಲಿ 2021ರ 12ನೇ ಆವೃತ್ತಿಯಿಂದ, ಒಂದು ಆ್ಯಪ್‌ಗೆ ನಿಖರ ಸ್ಥಳ ಕೊಡಬೇಕೋ ಅಂದಾಜು ಸ್ಥಳ ಕೊಡಬೇಕೋ ಎಂದು ಬಳಕೆದಾರರೇ ಆರಿಸಬಹುದು. ಆ್ಯಪ್ ಹಾಕಿದ ದಿನ ಅವಸರದಲ್ಲಿ 'ಅಂದಾಜು' ಎಂದು ಒತ್ತಿದ್ದರೆ, ಆಂಡ್ರಾಯ್ಡ್ ಆ ಆ್ಯಪ್‌ಗೆ ಸುಮಾರು 3 ಚದರ ಕಿಲೋಮೀಟರ್ ವ್ಯಾಪ್ತಿಯ ಸ್ಥಳವನ್ನಷ್ಟೇ ಕೊಡುತ್ತದೆ. ಇದರ ಲಕ್ಷಣ ಸ್ಪಷ್ಟ: ಎಷ್ಟು ಹೊತ್ತು ಕಾದರೂ ವೃತ್ತ ದೊಡ್ಡದಾಗಿಯೇ ಉಳಿಯುತ್ತದೆ, ಬೇರೆ ಆ್ಯಪ್‌ಗಳಲ್ಲಿ ಮಾತ್ರ ಸ್ಥಾನ ಸರಿಯಾಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಲೊಕೇಶನ್ ಅನುಮತಿಗೆ ಹೋಗಿ 'ಪ್ರಿಸೈಸ್ ಲೊಕೇಶನ್' ಆನ್ ಮಾಡಿದರೆ ಮುಗಿಯಿತು. 'ಫೋನ್ ಕೆಟ್ಟಿದೆ' ಎಂದು ನನ್ನ ಬಳಿ ಬಂದವರಲ್ಲಿ ಹಲವರ ಫೋನ್ ಸರಿಯಾದದ್ದು ಈ ಒಂದೇ ಗುಂಡಿಯಿಂದ.

ಚುಕ್ಕೆ ಪರದೆ ಆರಿದಾಗ ಮಾತ್ರ ನಿಂತು, ಪರದೆ ಬೆಳಗಿಸಿದ ಕೂಡಲೇ ಹಾರಿ ಮುಂದಕ್ಕೆ ಬರುತ್ತದೆಯೇ? ಹಾಗಿದ್ದರೆ ಬ್ಯಾಟರಿ ಸೇವರ್‌ನ ಕೆಲಸ. ಚಾರ್ಜ್ ಕಡಿಮೆಯಾದಾಗ ತಾನಾಗಿ ಆನ್ ಆಗುವ ಈ ವ್ಯವಸ್ಥೆ ಹಲವು ಫೋನ್‌ಗಳಲ್ಲಿ ಪರದೆ ಆರಿದೊಡನೆ ಲೊಕೇಶನ್ ಸೇವೆಯನ್ನೂ ತಡೆಯುತ್ತದೆ. ಪ್ರಯಾಣದ ಹೊತ್ತಿಗೆ ಅದನ್ನು ಆಫ್ ಮಾಡಿ, ನಕ್ಷೆಯ ಆ್ಯಪ್‌ಗೆ ಬ್ಯಾಟರಿ ನಿರ್ಬಂಧದಿಂದ ವಿನಾಯಿತಿ ಕೊಡಿ.

ಚುಕ್ಕೆ ಒಂದೇ ಜಾಗದಲ್ಲಿ ಅಂಟಿಕೊಂಡು, ವೃತ್ತವೂ ಚಿಕ್ಕದಾಗಿದ್ದು, ನೀವು ಮಾತ್ರ ಕಿಲೋಮೀಟರ್‌ಗಟ್ಟಲೆ ದೂರದಲ್ಲಿದ್ದರೆ ನಕಲಿ ಸ್ಥಳ ಕೊಡುವ ಆ್ಯಪ್ ಫೋನಿನಲ್ಲಿದೆಯೇ ನೋಡಿ. ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ 'ಮಾಕ್ ಲೊಕೇಶನ್' ಎಂಬ ಸಾಲಿದೆ. ಅಲ್ಲಿ ಯಾವ ಆ್ಯಪ್‌ನ ಹೆಸರೂ ಇರಬಾರದು. ವಿಪಿಎನ್ ಬಳಸುತ್ತಿರುವವರು ಅದನ್ನೇ ಶಂಕಿಸುತ್ತಾರೆ. ವಿಪಿಎನ್‌ನಿಂದ ಬದಲಾಗುವುದು ಇಂಟರ್ನೆಟ್ ವಿಳಾಸ. ಉಪಗ್ರಹದಿಂದ ಬರುವ ಸ್ಥಾನಕ್ಕೆ ಅದರಿಂದ ಏನೂ ಆಗುವುದಿಲ್ಲ. ಆದರೆ ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲಿ ಜಿಪಿಎಸ್ ಇರುವುದಿಲ್ಲ, ಬ್ರೌಸರ್ ನಿಮ್ಮ ಇಂಟರ್ನೆಟ್ ವಿಳಾಸವನ್ನೂ ಸುತ್ತಲಿನ ವೈಫೈಗಳನ್ನೂ ನೋಡಿ ಊಹಿಸುತ್ತದೆ. ಅಲ್ಲಿ ನಿಮ್ಮ ಚುಕ್ಕೆ ಬೇರೆ ಊರಿನಲ್ಲಿ ಕಂಡರೆ ವಿಪಿಎನ್ ಕಾರಣವಾಗಿರಬಹುದು.

ವೈಫೈನ ಮಾತು ಬಂದಿತು, ಅದರ ಒಂದು ವಿಚಿತ್ರ ದೋಷವನ್ನು ಹೇಳಲೇಬೇಕು. ಕಟ್ಟಡದ ಒಳಗೆ ಉಪಗ್ರಹ ಸಿಗದಿದ್ದಾಗ ಫೋನ್ ಸುತ್ತಲಿನ ವೈಫೈ ರೂಟರ್‌ಗಳ ಗುರುತುಗಳನ್ನು ಓದಿ, ಅವು ಎಲ್ಲಿವೆ ಎಂಬ ದಾಖಲೆಯೊಂದಿಗೆ ಹೋಲಿಸಿ ಸ್ಥಾನ ಹೇಳುತ್ತದೆ. ಯಾರಾದರೂ ಮನೆ ಬದಲಿಸಿ ರೂಟರನ್ನೂ ಜೊತೆಗೆ ಒಯ್ದರೆ, ಆ ದಾಖಲೆ ಹೊಸದಾಗುವವರೆಗೂ ಹೊಸ ಮನೆಯಲ್ಲಿ ಕೂತವರ ಚುಕ್ಕೆ ಹಳೆಯ ಮನೆಯಲ್ಲಿ ಕಾಣಬಹುದು. ಮನೆಯೊಳಗಿದ್ದಾಗ ಮಾತ್ರ ದೂರದ ಒಂದೇ ಜಾಗಕ್ಕೆ ಹಾರಿ, ಅಂಗಳಕ್ಕೆ ಬಂದೊಡನೆ ಸರಿಯಾಗುವ ಚುಕ್ಕೆಗೆ ಇದೇ ಕಾರಣ. ಫೋನಿನಲ್ಲಿ ಮಾಡುವಂಥದ್ದು ಏನೂ ಇಲ್ಲ. ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುವುದೇ ಹೆಚ್ಚು.

ಆರಂಭದಲ್ಲಿ ಚುಕ್ಕೆ ಬರಲು ತೀರಾ ತಡವಾಗುತ್ತಿದ್ದರೆ ತಾಳ್ಮೆಯೇ ಔಷಧ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಕೇವಲ 50 ಬಿಟ್ ವೇಗದಲ್ಲಿ ಕಳಿಸುತ್ತದೆ, ಒಂದು ಉಪಗ್ರಹದ ವಿವರ ಪೂರ್ತಿ ಬರಲು 30 ಸೆಕೆಂಡ್ ಬೇಕು. ನಡುವೆ ಒಂದು ಲಾರಿಯೋ ಮರದ ಗುಂಪೋ ಅಡ್ಡ ಬಂದು ಸಂಕೇತ ಕಡಿದರೆ ತಪ್ಪಿಹೋದ ತುಂಡಿಗಾಗಿ ಮುಂದಿನ ಸುತ್ತಿನವರೆಗೆ ಕಾಯಬೇಕು. ಇಂಟರ್ನೆಟ್ ಇದ್ದರೆ ಫೋನ್ ಈ ವಿವರವನ್ನು ಅಲ್ಲಿಂದಲೇ ತರಿಸಿಕೊಂಡು ಕೆಲವೇ ಸೆಕೆಂಡುಗಳಲ್ಲಿ ಸ್ಥಾನ ಹಿಡಿಯುತ್ತದೆ. ಆದ್ದರಿಂದಲೇ ನೆಟ್‌ವರ್ಕ್ ಇಲ್ಲದ ಕಡೆ ಜಿಪಿಎಸ್ 'ಸತ್ತಂತೆ' ಕಾಣುವುದು. ಅದು ಸತ್ತಿರುವುದಿಲ್ಲ. ಆಕಾಶ ಕಾಣುವ ಜಾಗದಲ್ಲಿ ಫೋನನ್ನು ಅಲುಗಾಡಿಸದೆ ಒಂದೆರಡು ನಿಮಿಷ ಇಡಿ. ಬಹಳ ದಿನ ಆಫ್ ಆಗಿದ್ದ ಫೋನಾದರೆ ಇನ್ನಷ್ಟು ಹೊತ್ತು: ಎಲ್ಲ ಉಪಗ್ರಹಗಳ ಪೂರ್ಣ ಪಟ್ಟಿ ಆಕಾಶದಿಂದ ಇಳಿಯಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ.

ಎತ್ತರದ ಕಟ್ಟಡಗಳ ನಡುವೆ ಚುಕ್ಕೆ ರಸ್ತೆಯಿಂದ ರಸ್ತೆಗೆ ಜಿಗಿಯುತ್ತಿದ್ದರೆ, ಅಲ್ಲಿ ಸಂಕೇತ ನೇರವಾಗಿ ಬರದೆ ಗಾಜಿನ, ಕಾಂಕ್ರೀಟಿನ ಗೋಡೆಗಳಿಗೆ ಬಡಿದು ಸುತ್ತಿ ಬರುತ್ತಿದೆ ಎಂದರ್ಥ. ಸುತ್ತಿ ಬಂದ ಸಂಕೇತಕ್ಕೆ ಹೆಚ್ಚು ಹೊತ್ತು ಹಿಡಿದಿರುತ್ತದೆ, ಫೋನ್ ಅದನ್ನು ಹೆಚ್ಚು ದೂರವೆಂದು ತಿಳಿಯುತ್ತದೆ. ಎರಡು ತರಂಗಾಂತರಗಳಲ್ಲಿ ಕೇಳುವ ಫೋನ್‌ಗಳು 2018ರಿಂದ ಮಾರುಕಟ್ಟೆಯಲ್ಲಿವೆ, ಅವು ಈ ಮೋಸವನ್ನು ಸಾಕಷ್ಟು ಮಟ್ಟಿಗೆ ಗುರುತಿಸುತ್ತವೆ. ಅಂಥ ಫೋನ್ ಇಲ್ಲದಿದ್ದರೆ ನಾಲ್ಕು ರಸ್ತೆ ಕೂಡುವ ತೆರಪಿಗೆ ನಡೆದು ಹೋಗಿ ಚುಕ್ಕೆ ನೆಲೆಗೊಳ್ಳುವವರೆಗೆ ನಿಲ್ಲುವುದೇ ದಾರಿ.

ಇಷ್ಟೆಲ್ಲ ಆದರೂ ಬಯಲಿನಲ್ಲಿಯೇ ಚುಕ್ಕೆ ಸಿಗುತ್ತಿಲ್ಲವೆಂದರೆ ಆಗ ಮಾತ್ರ ಯಂತ್ರಾಂಶವನ್ನು ಶಂಕಿಸಿ. ಅದಕ್ಕೂ ಮುನ್ನ ಫೋನಿನ ಕವಚ ತೆಗೆದು ನೋಡಿ. ಲೋಹದ ಕವಚವಿದ್ದರೆ ಅದೇ ಅಪರಾಧಿ. ಕಾರಿನೊಳಗೆ ಮಾತ್ರ ತೊಂದರೆಯಿದ್ದರೆ ಮುಂಗಾಜಿಗೆ ಲೋಹದ ಅಂಶವಿರುವ ಫಿಲ್ಮ್ ಅಂಟಿಸಲಾಗಿದೆಯೇ ನೋಡಿ. ಡ್ಯಾಶ್ ಕ್ಯಾಮೆರಾ ಮತ್ತು ಚಾರ್ಜರ್‌ಗಳನ್ನು ಒಂದೊಂದಾಗಿ ಕಳಚಿಯೂ ಪರೀಕ್ಷಿಸಿ. ಸರಿಯಾದ ರಕ್ಷಾಕವಚವಿಲ್ಲದ ಅಗ್ಗದ ಉಪಕರಣಗಳ ವಿದ್ಯುತ್ ಗದ್ದಲ, ಕ್ಷೀಣವಾದ ಉಪಗ್ರಹ ಸಂಕೇತವನ್ನು ಸುಲಭವಾಗಿ ಮುಳುಗಿಸುತ್ತದೆ. ಕೊನೆಯದಾಗಿ, ಆಂಡ್ರಾಯ್ಡ್ ಫೋನ್ ಆದರೆ ಉಪಗ್ರಹಗಳ ಸ್ಥಿತಿ ತೋರಿಸುವ ಉಚಿತ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಪ್ರತಿ ಉಪಗ್ರಹದ ಮುಂದೆ ಸಂಕೇತದ ಬಲ ಡಿಬಿ-ಹರ್ಟ್ಸ್ ಎಂಬ ಮಾನದಲ್ಲಿ ಬರೆದಿರುತ್ತದೆ. ತೆರೆದ ಆಕಾಶದಡಿ ಹಲವು ಉಪಗ್ರಹಗಳು 30ರಿಂದ 45ರವರೆಗೆ ತೋರಿಸಬೇಕು. ಎಲ್ಲವೂ 20ರ ಆಸುಪಾಸಿನಲ್ಲೇ ತೆವಳುತ್ತಿದ್ದು, ಪಕ್ಕದಲ್ಲಿಟ್ಟ ಇನ್ನೊಂದು ಫೋನ್ ಚೆನ್ನಾಗಿ ಹಿಡಿಯುತ್ತಿದ್ದರೆ ಒಳಗಿನ ಆಂಟೆನಾ ಸಡಿಲಗೊಂಡಿರಬಹುದು. ಫೋನ್ ಬಿದ್ದ ಮೇಲೆ, ಇಲ್ಲವೇ ಪರದೆ ಅಥವಾ ಬ್ಯಾಟರಿ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ರಿಪೇರಿಯವರಿಗೆ ಅದನ್ನೇ ಹೇಳಿ. ಅವರ ಸಮಯವೂ ನಿಮ್ಮ ಹಣವೂ ಉಳಿಯುತ್ತದೆ. ಐಫೋನ್‌ನಲ್ಲಿ ಈ ಅಂಕಿಗಳನ್ನು ಆ್ಯಪ್‌ಗಳಿಗೆ ಕೊಡುವುದಿಲ್ಲ, ಅಲ್ಲಿ ಪಕ್ಕದ ಫೋನಿನ ಹೋಲಿಕೆಯೊಂದೇ ಉಳಿದ ಉಪಾಯ.

ಬಾಣ ತಪ್ಪಿದ್ದರೆ

ಚುಕ್ಕೆ ಸರಿಯಿದೆ, ಆದರೆ 'ಎಡಕ್ಕೆ ಹೊರಡಿ' ಎಂದಾಗ ನೀವು ನಡೆದದ್ದು ಬಲಕ್ಕೆ. ಬಸ್ಸಿಳಿದು ನಡೆದು ಹೋಗುವವರನ್ನು ಅತಿ ಹೆಚ್ಚು ಕಾಡುವ ದೋಷ ಇದು. ನಿಂತಿರುವಾಗ ನಿಮ್ಮ ಮುಖ ಯಾವ ಕಡೆಗಿದೆ ಎಂಬುದು ಉಪಗ್ರಹಕ್ಕೆ ತಿಳಿಯುವುದಿಲ್ಲ. ಫೋನಿನೊಳಗಿನ ಪುಟ್ಟ ಕಾಂತೀಯ ದಿಕ್ಸೂಚಿ ಅದನ್ನು ಹೇಳಬೇಕು. ಭೂಮಿಯ ಕಾಂತಕ್ಷೇತ್ರ ತೀರಾ ದುರ್ಬಲ. ಕವಚದ ಮುಚ್ಚಳದಲ್ಲಿರುವ ಅಯಸ್ಕಾಂತ, ಕಾರಿನ ಕಾಂತೀಯ ಹೋಲ್ಡರ್, ಪಕ್ಕದ ಕಬ್ಬಿಣದ ಕಂಬ, ಸ್ಪೀಕರ್ ಇವೆಲ್ಲವೂ ಅದನ್ನು ಮೀರಿಸುತ್ತವೆ.

ಚುಕ್ಕೆಯಿಂದ ಹೊರಡುವ ಬೀಸಣಿಗೆಯಾಕಾರದ ಬೆಳಕು ಅಗಲವಾಗಿದ್ದರೆ ದಿಕ್ಸೂಚಿಗೇ ತನ್ನ ಮೇಲೆ ನಂಬಿಕೆಯಿಲ್ಲ ಎಂದರ್ಥ. ಕಬ್ಬಿಣದಿಂದ ದೂರ ಸರಿದು, ಅಯಸ್ಕಾಂತವಿರುವ ಕವಚ ತೆಗೆದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಅಂಕಿಯಂತೆ ಮೂರು ನಾಲ್ಕು ಬಾರಿ ಆಡಿಸಿ. ಬೆಳಕು ಕಿರಿದಾಗುತ್ತದೆ. ಆಗದಿದ್ದರೆ ದಿಕ್ಸೂಚಿಯ ಗೊಡವೆಯೇ ಬೇಡ, ಯಾವುದಾದರೂ ಒಂದು ದಿಕ್ಕಿಗೆ ಇಪ್ಪತ್ತು ಮೂವತ್ತು ಹೆಜ್ಜೆ ನೇರವಾಗಿ ನಡೆಯಿರಿ. ನೀವು ಚಲಿಸತೊಡಗಿದ ಮೇಲೆ ಚುಕ್ಕೆ ಸಾಗುವ ದಿಕ್ಕೇ ನಿಮ್ಮ ದಿಕ್ಕು, ಅದಕ್ಕೆ ಅಯಸ್ಕಾಂತದ ಹಂಗಿಲ್ಲ. ಓಡುವ ಕಾರಿನಲ್ಲಿ ಬಾಣ ಸರಿಯಾಗಿದ್ದು ಸಿಗ್ನಲ್‌ನಲ್ಲಿ ನಿಂತೊಡನೆ ಗಿರಕಿ ಹೊಡೆಯುವುದೂ ಇದೇ ಕಾರಣಕ್ಕೆ. ಹೋಲ್ಡರ್ ಬದಲಿಸಿದರೆ ಅದು ನಿಲ್ಲುತ್ತದೆ.

ಪಿನ್ ತಪ್ಪಿದ್ದರೆ

ನನ್ನ ಅನುಭವದಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಈ ದೋಷ. ಅತಿ ಕಡಿಮೆ ಜನ ಶಂಕಿಸುವುದೂ ಇದನ್ನೇ. ಚುಕ್ಕೆ ಸರಿ, ಬಾಣ ಸರಿ, ತಿರುವುಗಳೆಲ್ಲ ಸರಿ. ಹಾಗಾಗಿ ಕೊನೆಯ ಕ್ಷಣದವರೆಗೂ ಅನುಮಾನ ಬರುವುದೇ ಇಲ್ಲ.

ಒಂದು ದೊಡ್ಡ ಆವರಣಕ್ಕೆ ನಕ್ಷೆಯಲ್ಲಿ ಪಿನ್ ಇಡುವಾಗ ಅದು ಸಾಮಾನ್ಯವಾಗಿ ಕಟ್ಟಡದ ಅಥವಾ ಜಾಗದ ನಡುಮಧ್ಯಕ್ಕೆ ಬೀಳುತ್ತದೆ. ಮಾರ್ಗ ಲೆಕ್ಕ ಹಾಕುವ ತಂತ್ರಾಂಶ ಅಲ್ಲಿಂದ ಅತಿ ಹತ್ತಿರದ ರಸ್ತೆಯನ್ನು ಹುಡುಕುತ್ತದೆ. ಹತ್ತಿರ ಎಂದರೆ ಹಕ್ಕಿ ಹಾರುವ ದೂರ. ನಡುವೆ ಗೋಡೆ ಇದೆಯೇ, ಕಾಲುವೆ ಇದೆಯೇ, ಬಾಗಿಲು ಎಲ್ಲಿದೆ ಎಂಬುದನ್ನು ಯಾರಾದರೂ ದಾಖಲಿಸಿದ್ದರೆ ಮಾತ್ರ ಅದಕ್ಕೆ ತಿಳಿಯುತ್ತದೆ. ಹಿಂಬದಿಯ ಓಣಿ ಹತ್ತು ಮೀಟರ್ ಹತ್ತಿರವಿದ್ದರೆ ಸಾಕು, ನಿಮ್ಮನ್ನು ಆ ಓಣಿಗೇ ಕರೆದೊಯ್ಯುತ್ತದೆ. ಅಂದು ರಾತ್ರಿ ನಮಗಾದದ್ದು ಇಷ್ಟೇ.

ಪತ್ತೆ ಹಚ್ಚುವುದು ಸುಲಭ. ಹೊರಡುವ ಮುನ್ನ ಗೆರೆಯ ಕೊನೆಯ ತುದಿಯನ್ನು ಹಿಗ್ಗಿಸಿ ನೋಡಿ. ಉಪಗ್ರಹ ಚಿತ್ರದ ನೋಟಕ್ಕೆ ಬದಲಿಸಿದರೆ ಗೋಡೆ, ಬಾಗಿಲು, ಒಳದಾರಿಗಳು ಕಣ್ಣಿಗೆ ಬೀಳುತ್ತವೆ. ಗೆರೆ ಮುಗಿದ ಮೇಲೆ ಪಿನ್‌ವರೆಗೆ ಚುಕ್ಕಿ ಚುಕ್ಕಿಯ ಸಾಲು ಎಳೆದಿದ್ದರೆ, ಅಷ್ಟು ದೂರಕ್ಕೆ ನಕ್ಷೆಗೆ ಗೊತ್ತಿರುವ ವಾಹನದ ದಾರಿಯಿಲ್ಲ ಎಂದರ್ಥ. ಅದನ್ನು ಎಚ್ಚರಿಕೆಯೆಂದೇ ಓದಿ. ಬಾಗಿಲು ಇರುವ ಬದಿಯ ರಸ್ತೆಯ ಮೇಲೆ ಬೆರಳನ್ನು ಒತ್ತಿ ಹಿಡಿದು ಹೊಸ ಪಿನ್ ಹಾಕಿ, ಅಲ್ಲಿಗೆ ದಾರಿ ಕೇಳಿ. ಗೆರೆ ಪೂರ್ತಿ ಬೇರೆ ರಸ್ತೆಯಿಂದ ಬಂದರೆ ದೋಷ ಖಚಿತವಾಯಿತು.

ಒಂದೇ ಹೆಸರಿನ ಎರಡು ಜಾಗಗಳು ಇನ್ನೊಂದು ಬಲೆ. ಹುಡುಕಾಟದ ಫಲಿತಾಂಶದಲ್ಲಿ ಮೊದಲನೆಯದನ್ನು ಒತ್ತುವ ಮುನ್ನ ದೂರವನ್ನು ಓದಿ. ನಾಲ್ಕು ಕಿಲೋಮೀಟರ್ ಇರಬೇಕಾದ ಜಾಗ ನಲವತ್ತು ತೋರಿಸಿದರೆ ಅದು ನಿಮ್ಮದಲ್ಲ.

ಸಂಖ್ಯೆಗಳ ರೂಪದಲ್ಲಿ ಸ್ಥಳ ಕಳಿಸಿದಾಗ ಆಗುವ ತಪ್ಪುಗಳೇ ಬೇರೆ. ನಕ್ಷೆಯ ಆ್ಯಪ್‌ಗಳ ಹುಡುಕುವ ಪೆಟ್ಟಿಗೆಯಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಕೆಲವು ತಾಂತ್ರಿಕ ಕಡತಗಳಲ್ಲಿ ಈ ಕ್ರಮ ತಿರುವುಮುರುವು. ಅಲ್ಲಿಂದ ನಕಲು ಮಾಡಿದರೆ ಪಿನ್ ಸಮುದ್ರದ ನಡುವೆಯೋ ಮತ್ತೊಂದು ಖಂಡದಲ್ಲಿಯೋ ಬೀಳುತ್ತದೆ. ಅಷ್ಟು ದೂರ ತಪ್ಪಿದ್ದರೆ ಸಂಖ್ಯೆಗಳನ್ನು ಅದಲು ಬದಲು ಮಾಡಿ ನೋಡಿ. ಇಪ್ಪತ್ತು ಕಿಲೋಮೀಟರ್‌ನಷ್ಟು ತಪ್ಪಿದ್ದರೆ ಡಿಗ್ರಿ, ಮಿನಿಟುಗಳ ಲೆಕ್ಕವನ್ನು ಶಂಕಿಸಿ. ಡಿಗ್ರಿಗೆ 60 ಮಿನಿಟುಗಳು, ಆದ್ದರಿಂದ 30 ಮಿನಿಟು ಎಂದರೆ 0.5 ಡಿಗ್ರಿ. ಅದನ್ನು 0.30 ಎಂದು ಬರೆದರೆ ಅಕ್ಷಾಂಶದಲ್ಲಿ ಸುಮಾರು 22 ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ದಶಮಾಂಶದ ನಂತರದ ಅಂಕಿಗಳನ್ನು ಕತ್ತರಿಸಲೂಬೇಡಿ: ಐದು ಅಂಕಿಗಳಿದ್ದರೆ ಸುಮಾರು ಒಂದು ಮೀಟರ್‌ನಷ್ಟು ಸೂಕ್ಷ್ಮತೆ, ಮೂರೇ ಇದ್ದರೆ ನೂರು ಮೀಟರ್‌ಗೂ ಮಿಕ್ಕಿ ಮಸುಕು. ವಿಳಾಸದ ಬದಲು ಪ್ಲಸ್ ಕೋಡ್ ಎಂಬ ಅಕ್ಷರಗುಚ್ಛ ಬಳಸುವವರಿಗೆ ಒಂದು ಮಾತು. ಹತ್ತು ಅಕ್ಷರಗಳ ಪೂರ್ಣ ಕೋಡ್ ಸುಮಾರು 14 ಮೀಟರ್ ಅಗಲದ ಚೌಕವನ್ನು ಜಗತ್ತಿನಲ್ಲಿ ಎಲ್ಲಿಂದಲಾದರೂ ಗುರುತಿಸುತ್ತದೆ. ಮೊದಲ ನಾಲ್ಕು ಅಕ್ಷರ ಬಿಟ್ಟ ಚಿಕ್ಕ ಕೋಡ್‌ಗೆ ಊರಿನ ಹೆಸರು ಜೊತೆಗಿರಲೇಬೇಕು. ಹೆಸರು ಬಿಟ್ಟು ಕಳಿಸಿದರೆ, ಪಡೆದವರು ಇರುವ ಕಡೆಯ ಬೇರೊಂದು ಚೌಕಕ್ಕೆ ಅದು ತೋರಿಸಬಹುದು.

ಯಾರಾದರೂ ಕಳಿಸಿದ ಲೈವ್ ಲೊಕೇಶನ್ ಹಿಡಿದು ಹೊರಟಿದ್ದರೆ ಅದು ಕೊನೆಯದಾಗಿ ಯಾವಾಗ ಬದಲಾಯಿತೆಂಬುದನ್ನು ನೋಡಿ. ಮನೆಯೊಳಗೆ ಕೂತು ಕಳಿಸಿದ ಸ್ಥಳ ಅವರ ಫೋನಿನ ವೃತ್ತದಷ್ಟೇ ಮಸುಕಾಗಿರುತ್ತದೆ. ಅಂಗಳಕ್ಕೆ ಬಂದು, ಅರ್ಧ ನಿಮಿಷ ನಿಂತು ಕಳಿಸಲು ಅವರಿಗೆ ಹೇಳಿ.

ಗೆರೆ ತಪ್ಪಿದ್ದರೆ

ಮೊದಲು ಪ್ರಯಾಣದ ಬಗೆಯನ್ನು ನೋಡಿ. ಕಾರಿನ ಬದಲು ನಡಿಗೆಯ ಚಿಹ್ನೆ ಆರಿಸಿದ್ದರೆ ಗೆರೆ ಮೆಟ್ಟಿಲುಗಳ ಮೇಲೂ ಉದ್ಯಾನದ ನಡುವೆಯೂ ಹಾಯುತ್ತದೆ, ಏಕಮುಖ ಸಂಚಾರದ ರಸ್ತೆಯಲ್ಲಿ ಎದುರಿನಿಂದ ಬರುತ್ತದೆ. ಅನಂತರ ಮಾರ್ಗದ ಆಯ್ಕೆಗಳು. ಟೋಲ್ ಬೇಡ, ಹೆದ್ದಾರಿ ಬೇಡ ಎಂದು ಹಿಂದೆಂದೋ ಗುರುತು ಹಾಕಿದ್ದರೆ ಅದು ಹಾಗೆಯೇ ಉಳಿದಿರಬಹುದು. ನೇರ ರಸ್ತೆ ಕಣ್ಣೆದುರಿದ್ದರೂ ಆ್ಯಪ್ ಹಟ ಹಿಡಿದು ಸುತ್ತುದಾರಿ ತೋರಿಸುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಅವೆರಡೂ ಸರಿಯಿದ್ದರೆ ತಪ್ಪು ರಸ್ತೆಗಳ ದತ್ತಾಂಶದಲ್ಲಿದೆ. ತಂತ್ರಾಂಶದ ಕಣ್ಣಿಗೆ ರಸ್ತೆಜಾಲವೆಂದರೆ ಗಂಟುಗಳು ಮತ್ತು ಅವುಗಳನ್ನು ಕೂಡಿಸುವ ಎಳೆಗಳು. ಪ್ರತಿ ಎಳೆಗೂ ದಾಟಲು ಬೇಕಾದ ಸಮಯದ ತೂಕ. ಕಡಿಮೆ ತೂಕದ ದಾರಿಯನ್ನು ಹುಡುಕುವ ಮೂಲ ವಿಧಾನವನ್ನು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲೇ ಪ್ರಕಟಿಸಿದ್ದರು, ಇಂದಿನವು ಅದರ ವೇಗದ ಕುಡಿಗಳು. ಲೆಕ್ಕ ತಪ್ಪುವುದು ತೀರಾ ಅಪರೂಪ. ಎಳೆಗಳೇ ತಪ್ಪಿರುತ್ತವೆ. ಹೊಸ ಸೇತುವೆ ಸೇರಿಸಿಲ್ಲ, ಎರಡು ರಸ್ತೆಗಳು ಚಿತ್ರದಲ್ಲಿ ತಾಗಿದ್ದರೂ ದತ್ತಾಂಶದಲ್ಲಿ ಗಂಟು ಬಿದ್ದಿಲ್ಲ, ಇಲ್ಲವೇ ಏಕಮುಖದ ದಿಕ್ಕು ತಲೆಕೆಳಗಾಗಿದೆ. ಶಂಕಿತ ಕೂಡುರಸ್ತೆಯ ಈಚೆಗೊಂದು, ಆಚೆಗೊಂದು ಪಿನ್ ಹಾಕಿ, ಐವತ್ತು ಮೀಟರ್ ದಾರಿಯನ್ನು ಕೇಳಿ ನೋಡಿ. ಆ್ಯಪ್ ಮೂರು ಕಿಲೋಮೀಟರ್ ಸುತ್ತಿಸಿದರೆ ಕಡಿದ ಎಳೆ ಸಿಕ್ಕಂತೆಯೇ. ನಿಮಗೆ ಸರಿಯೆಂದು ಗೊತ್ತಿರುವ ರಸ್ತೆಯ ಮೇಲೆ ನಡುವಿನ ನಿಲುಗಡೆಯೊಂದನ್ನು ಸೇರಿಸಿದರೆ ಗೆರೆ ಹಲವು ಬಾರಿ ಅದೇ ದಾರಿಗೆ ಬರುತ್ತದೆ.

ಮೇಲ್ಸೇತುವೆ ಮತ್ತು ಅದರ ಕೆಳಗಿನ ರಸ್ತೆಯ ಗೊಂದಲ ಇದಕ್ಕಿಂತ ಭಿನ್ನ. ಸಂಚಾರ ನಿರ್ದೇಶನ ನಡೆಯುವಾಗ ಆ್ಯಪ್ ಚುಕ್ಕೆಯನ್ನು ಹತ್ತಿರದ ರಸ್ತೆಗೆ ಎಳೆದು ಕೂರಿಸುತ್ತದೆ. ಒಂದರ ಮೇಲೊಂದು ಎರಡು ರಸ್ತೆಗಳಿದ್ದರೆ ಅದು ಒಂದನ್ನು ಊಹಿಸಲೇಬೇಕು. ಉಪಗ್ರಹದಿಂದ ಸಿಗುವ ಎತ್ತರದ ಅಳತೆ ಅಡ್ಡಡ್ಡ ಅಳತೆಗಿಂತಲೂ ಒರಟು. ನೀವು ಕೆಳಗೆ ಹೋಗುತ್ತಿದ್ದು ಆ್ಯಪ್ ಮೇಲಿದೆಯೆಂದು ತಿಳಿದರೆ ಬರಬೇಕಾದ ತಿರುವು ಸದ್ದಿಲ್ಲದೆ ದಾಟಿಹೋಗುತ್ತದೆ. ಇಂಥ ಕಡೆ ಪರದೆಗಿಂತ ರಸ್ತೆಯ ಫಲಕವನ್ನೇ ನಂಬಿ. ಮುಂದಿನ ತಿರುವಿನ ನಂತರ ಎರಡು ರಸ್ತೆಗಳು ದೂರವಾದೊಡನೆ ಚುಕ್ಕೆ ತಾನಾಗಿ ಸರಿಹೋಗುತ್ತದೆ. ಸುರಂಗದಲ್ಲೂ ಅಷ್ಟೇ: ಉಪಗ್ರಹ ಕಡಿದ ಮೇಲೆ ಹಲವು ಆ್ಯಪ್‌ಗಳು ನಿಮ್ಮ ಹಿಂದಿನ ವೇಗವನ್ನೇ ಹಿಡಿದು ಚುಕ್ಕೆಯನ್ನು ಮುಂದೆ ಸರಿಸುತ್ತಿರುತ್ತವೆ. ಒಳಗೆ ವಾಹನ ದಟ್ಟಣೆಯಲ್ಲಿ ನಿಂತಿದ್ದರೆ ಚುಕ್ಕೆ ನಿಮಗಿಂತ ಮೊದಲೇ ಹೊರಬಿದ್ದಿರುತ್ತದೆ.

ದನಿ, ಡೇಟಾ, ಬಿಸಿ

ದನಿ ಬಾರದಿದ್ದರೆ ಪರದೆಯ ಮೇಲಿನ ಸ್ಪೀಕರ್ ಚಿಹ್ನೆ ಒತ್ತಿ ನೋಡಿ. ಪೂರ್ತಿ ಮೌನ ಮತ್ತು ಪೂರ್ತಿ ಮಾತಿನ ನಡುವೆ 'ಎಚ್ಚರಿಕೆಗಳು ಮಾತ್ರ' ಎಂಬ ಮೂರನೆಯ ಸ್ಥಿತಿ ಇರುತ್ತದೆ, ಹಲವರು ಸಿಕ್ಕಿಕೊಳ್ಳುವುದು ಅಲ್ಲಿ. ಚಿಹ್ನೆ ಸರಿಯಿದ್ದರೆ ಬ್ಲೂಟೂತ್ ಆಫ್ ಮಾಡಿ. ದನಿ ಕೂಡಲೇ ಫೋನಿನಿಂದ ಬಂದರೆ, ಅಷ್ಟು ಹೊತ್ತು ಅದು ಚೀಲದೊಳಗಿನ ಇಯರ್‌ಫೋನ್‌ಗೋ ರೇಡಿಯೊ ನುಡಿಸುತ್ತಿದ್ದ ಕಾರಿನ ಸ್ಟೀರಿಯೊಗೋ ಹೋಗುತ್ತಿತ್ತು. ಕನ್ನಡದ ನಿರ್ದೇಶನ ಬಯಸಿ ಆರಿಸಿದ ಮೇಲೂ ಇಂಗ್ಲಿಷ್ ದನಿ ಅಥವಾ ಮೌನ ಬರುತ್ತಿದ್ದರೆ, ಫೋನಿನ ಪಠ್ಯದಿಂದ ಧ್ವನಿಗೆ ಎಂಬ ವಿಭಾಗದಲ್ಲಿ ಕನ್ನಡದ ಧ್ವನಿ ಕಡತ ಇಳಿಸಿಕೊಂಡಿದೆಯೇ ಪರೀಕ್ಷಿಸಿ. ತಿರುವು ದಾಟಿದ ಮೇಲೆ ದನಿ ಬರುತ್ತಿದ್ದರೆ ತಡವೇ ಕಾರಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಬ್ಲೂಟೂತ್ ಸೇರಿ ಮೂರು ಸೆಕೆಂಡ್ ತಡವಾದರೂ 50 ಮೀಟರ್ ಮುಂದೆ ಹೋಗಿರುತ್ತೀರಿ. ತಂತಿಯ ಮೂಲಕ ಜೋಡಿಸಿ, ಇಲ್ಲವೇ ಫೋನಿನ ಸ್ಪೀಕರಿನಿಂದಲೇ ಕೇಳಿ.

ಬೂದು ಹಾಳೆಯಂಥ ನಕ್ಷೆಗೆ ನೆಟ್‌ವರ್ಕ್ ಇಲ್ಲದಿರುವುದೇ ಸಾಮಾನ್ಯ ಕಾರಣ. ನೆಟ್‌ವರ್ಕ್ ಚೆನ್ನಾಗಿದ್ದೂ ಹಾಗೆ ಕಂಡರೆ ಫೋನಿನ ದಿನಾಂಕ ಮತ್ತು ಸಮಯ ನೋಡಿ. ಅವು ಬಹಳ ತಪ್ಪಿದ್ದರೆ ಸರ್ವರ್‌ನೊಂದಿಗಿನ ಸುರಕ್ಷಿತ ಸಂಪರ್ಕವೇ ಏರ್ಪಡುವುದಿಲ್ಲ. ಆಫ್‌ಲೈನ್ ನಕ್ಷೆ ಇಳಿಸಿಕೊಂಡವರು ಅದರ ಅವಧಿ ಮುಗಿದಿದೆಯೇ, ಹೋಗುವ ಜಾಗ ಇಳಿಸಿಕೊಂಡ ಚೌಕದ ಒಳಗೇ ಬರುತ್ತದೆಯೇ ಎಂದು ಹಿಂದಿನ ದಿನವೇ ನೋಡಬೇಕು. ಆಫ್‌ಲೈನ್‌ನಲ್ಲಿ ವಾಹನ ದಟ್ಟಣೆಯ ಮಾಹಿತಿ ಇರುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ಕಾರಿನ ದಾರಿ ಸಿಗುತ್ತದೆಯೇ ಹೊರತು ನಡಿಗೆಯ ದಾರಿ ಸಿಗುವುದಿಲ್ಲ. ಅದು ಅವುಗಳ ಮಿತಿ, ನಿಮ್ಮ ಫೋನಿನ ದೋಷವಲ್ಲ.

ಬಿಸಿಲಿಗೆ ಮುಖ ಮಾಡಿದ ಹೋಲ್ಡರ್‌ನಲ್ಲಿ ಫೋನ್ ಕಾದು ಪರದೆ ಮಂಕಾದರೆ, ಚಾರ್ಜ್ ಏರುವುದು ನಿಂತರೆ, ಗಾಳಿ ಬೀಸುವ ಕಡೆಗೆ ಹೋಲ್ಡರ್ ಸ್ಥಳಾಂತರಿಸಿ.

ಹಳೆಯ ಕಾರಿನ ಒಳಗೇ ಜೋಡಿಸಿದ ನಕ್ಷೆಯ ಯಂತ್ರ ತಪ್ಪು ದಿನಾಂಕವನ್ನೂ ಅಸಂಬದ್ಧವಾದ ತಲುಪುವ ಸಮಯವನ್ನೂ ತೋರಿಸುತ್ತಿದ್ದರೆ ಬೇರೆ ಕಾರಣವಿರಬಹುದು. ಜಿಪಿಎಸ್‌ನ ಮೂಲ ಸಂಕೇತದಲ್ಲಿ ವಾರಗಳ ಎಣಿಕೆ 1024ಕ್ಕೆ ಮುಟ್ಟಿದೊಡನೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರಂದು ಹೀಗಾಯಿತು, ತಂತ್ರಾಂಶ ಹೊಸದಾಗಿಸದ ಕೆಲವು ಯಂತ್ರಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ದಿನಾಂಕಕ್ಕೆ ಹೋದವು. ತಯಾರಕರ ಹೊಸ ತಂತ್ರಾಂಶ ಹಾಕಿಸದೆ ಅದಕ್ಕೆ ಬೇರೆ ಪರಿಹಾರವಿಲ್ಲ.

ತಪ್ಪು ಸಿಕ್ಕ ಮೇಲೆ

ಚುಕ್ಕೆ, ಬಾಣಗಳ ದೋಷ ಬಹುತೇಕ ನಿಮ್ಮ ಕೈಯಲ್ಲೇ ಸರಿಯಾಗುತ್ತದೆ. ಪಿನ್ ಮತ್ತು ಗೆರೆಯ ದೋಷ ನಿಮಗೆ ಸಿಕ್ಕಿದ ಮೇಲೂ ನಕ್ಷೆಯಲ್ಲಿ ಉಳಿದೇ ಇರುತ್ತದೆ, ನಿಮ್ಮ ಹಿಂದೆ ಬರುವವರಿಗೆ ಕಾದಿರುತ್ತದೆ. ಬಹುತೇಕ ಎಲ್ಲ ಆ್ಯಪ್‌ಗಳಲ್ಲೂ ತಿದ್ದುಪಡಿ ಸೂಚಿಸುವ ಅವಕಾಶವಿದೆ, ಜನರೇ ಸೇರಿ ಕಟ್ಟುವ, 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ಖಾತೆ ತೆರೆದ ಯಾರು ಬೇಕಾದರೂ ನೇರವಾಗಿ ತಿದ್ದಬಹುದು. 'ದಾರಿ ತಪ್ಪಾಗಿದೆ' ಎಂದಷ್ಟೇ ಬರೆದರೆ ಪರಿಶೀಲಿಸುವವರಿಗೆ ಏನೂ ತಿಳಿಯುವುದಿಲ್ಲ. ಯಾವ ಕೂಡುರಸ್ತೆಯಿಂದ ಯಾವುದಕ್ಕೆ, ಯಾವ ದಿಕ್ಕಿನಲ್ಲಿ, ಕಾರೋ ನಡಿಗೆಯೋ, ತಪ್ಪು ಏನು, ಅಲ್ಲಿ ನಿಜವಾಗಿ ಇರುವುದು ಏನು ಎಂದು ಬರೆಯಿರಿ. ಫಲಕದ ಅಥವಾ ಬಾಗಿಲಿನ ಒಂದು ಫೋಟೊ ಜೊತೆಗಿಡಿ.

ಅತ್ತೆಯವರನ್ನು ವಾರ್ಡಿಗೆ ಸೇರಿಸಿದ ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಯ ಮುಂಬಾಗಿಲಿನಲ್ಲಿ ನಿಂತು, ವೃತ್ತ ಕರಗುವವರೆಗೆ ಕಾದು, ತುರ್ತು ಚಿಕಿತ್ಸೆಯ ದ್ವಾರದ ಸ್ಥಾನವನ್ನು ಗುರುತಿಸಿ ಫೋಟೊ ಸಮೇತ ಕಳಿಸಿದೆ. ಮೊದಲ ಸಲ ಅದು ತಿರಸ್ಕೃತವಾಯಿತು. ಹಿಂಬದಿಯ ಗೋಡೆಯ ಫೋಟೊವನ್ನೂ ಸೇರಿಸಿ ಎರಡನೆಯ ಸಲ ಕಳಿಸಿದಾಗ ಪಿನ್ ಬಾಗಿಲಿಗೆ ಬಂದಿತು.